ಜೋರಾಗಿ ಕೂಗುವ ಸಾಲ: ಭಾಂಡುಪ್‌ನ ಒಂದು ಮನೆಯ ಪ್ರಕರಣ

ಭಾಂಡುಪ್ ಪಶ್ಚಿಮದಲ್ಲಿ ಗುಡ್ಡದ ಮೇಲೆ ಒಂದು ಚಾಳು. ಸ್ಟೇಷನ್‌ನಿಂದ ಶೇರ್ ರಿಕ್ಷಾ, ಆಮೇಲೆ ಮೆಟ್ಟಿಲು. ಎಣಿಸಿದ್ದೇನೆ, 84. ಎಣಿಸಿದ್ದು ಯಾಕೆಂದರೆ ಮೇಲಿನ ಮನೆಯವರಿಗೆ ಬಲಗಾಲು ಎತ್ತಲು ಬರುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಅವರನ್ನು ಇಳಿಸಬೇಕಿತ್ತು, ಮತ್ತೆ ಹತ್ತಿಸಬೇಕಿತ್ತು.

ನಾನು ಮುಂಬಯಿಯ ಒಂದು ಸಂಸ್ಥೆಯಲ್ಲಿ ಕೇಸ್‌ವರ್ಕರ್. ಹಣದ ಕಷ್ಟಕ್ಕೆ ಸಿಕ್ಕಿದ ಮನೆಗಳಿಗೆ ಹೋಗಿ ಕೂತು, ಲೆಕ್ಕ ಬಿಡಿಸುವುದು ಕೆಲಸ. ದುಡ್ಡು ಕೊಡುವುದು ಅದರಲ್ಲಿ ಸಣ್ಣ ಭಾಗ. ಸಂಸ್ಥೆಯ ನಿಧಿಯಿಂದ ಒಂದು ಮನೆಗೆ ಕೊಡಬಹುದಾದ್ದು ಜಾಸ್ತಿ ಇಲ್ಲ, ಎರಡು ಮೂರು ತಿಂಗಳ ಉಸಿರು ಅಷ್ಟೇ. ಕನ್ನಡ ಬರುತ್ತದೆ ಎಂದು ಕನ್ನಡದವರ ಕೇಸುಗಳು ನನ್ನ ಮೇಜಿಗೇ ಬರುತ್ತವೆ. ಹೋಟೆಲಿನವರು, ಕ್ಯಾಂಟೀನಿನವರು, ಬಿಜಾಪುರ ಕಲಬುರಗಿ ಕಡೆಯ ಗಾರೆ ಕೆಲಸದವರು.

ಈ ಮನೆಯವರು ಕುಂದಾಪುರ ಕಡೆಯವರು. ಹೆಸರು ಬೇಡ. ಆಕೆಯನ್ನು ಅಕ್ಕ ಎನ್ನುತ್ತೇನೆ, ಅವರನ್ನು ಅಣ್ಣ. ನಾನು ಕರೆಯುವುದೂ ಹಾಗೆಯೇ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ.

ಅಣ್ಣನಿಗೆ 46. ಹನ್ನೊಂದನೇ ವಯಸ್ಸಿಗೆ ಊರಿನವರೊಬ್ಬರ ಜೊತೆ ಮುಂಬಯಿಗೆ ಬಂದವರು. ಮೊದಲು ಕಪ್ಪು ತೊಳೆದರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ, ಎಂಟನೇ ಕ್ಲಾಸಿನವರೆಗೆ. ಈ ಊರಿನಲ್ಲಿ ಹಾಗೆ ಓದಿದವರ ಒಂದು ತಲೆಮಾರೇ ಇದೆ. ಟೇಬಲ್ ಒರೆಸಿ, ಸಪ್ಲೈ ಮಾಡಿ, ಕೊನೆಗೆ ದೋಸೆ ಕಾವಲಿ ಮುಂದೆ ನಿಂತರು. ಪೂರ್ವ ಉಪನಗರದ ಒಂದು ಉಡುಪಿ ಹೋಟೆಲಿನಲ್ಲಿ 14 ವರ್ಷ ಅದೇ ಕಾವಲಿ. ತಿಂಗಳಿಗೆ 18,000, ಊಟ ತಿಂಡಿ ಅಲ್ಲೇ. ಅಕ್ಕ ಮುಲುಂಡಿನಲ್ಲಿ ಎರಡು ಮನೆಗೆ ಅಡುಗೆ ಮಾಡಿ 9,000 ತರುತ್ತಿದ್ದರು. ಮಗಳು ಹನ್ನೆರಡನೇ ತರಗತಿ, ಮಗ ಏಳನೇ ತರಗತಿ.

2023ರ ಸೆಪ್ಟೆಂಬರ್, ಗಣಪತಿ ಹಬ್ಬದ ವಾರ. ಬೆಳಗಿನ ರಶ್ಶು. ಹಿಟ್ಟು ಹರಡುವಾಗ ಸೌಟು ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಮುಚ್ಚಲಿಲ್ಲ. ರಾತ್ರಿ ನಿದ್ದೆ ಸರಿಯಾಗಿಲ್ಲ ಎಂದುಕೊಂಡು ಹೋಟೆಲಿನ ಅಟ್ಟದಲ್ಲಿ ಮಲಗಿದರು. ಮಧ್ಯಾಹ್ನ ಯಾರೋ ಊಟಕ್ಕೆ ಕರೆಯಲು ಹೋದಾಗ ಬಾಯಿ ಸೊಟ್ಟ ಆಗಿತ್ತು. ಲಕ್ವ. ರಕ್ತದ ಗಂಟು ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅವರು ಅಟ್ಟದಲ್ಲಿ ಮಲಗಿದ್ದೇ ಐದು ಗಂಟೆ.

ನಾನು ಮೊದಲ ಸಲ ಹೋದದ್ದು ನವೆಂಬರಿನಲ್ಲಿ, ದೀಪಾವಳಿ ಕಳೆದ ಮೇಲೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದವರು ಚೀಟಿ ಕಳಿಸಿದ್ದರು. ಹತ್ತು ಬೈ ಹನ್ನೆರಡರ ರೂಮು. ಅಣ್ಣ ಗೋಡೆಗೆ ಒರಗಿ ಕೂತಿದ್ದರು, ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಹೋದ ಹಾಗೆ. ಅಕ್ಕ ಚಹ ಮಾಡಿದರು. ಬೇಡ ಎನ್ನಬಾರದು, ಇದು ಹನ್ನೊಂದು ವರ್ಷದಲ್ಲಿ ಕಲಿತದ್ದು. ಚಹ ಬೇಡ ಎಂದರೆ ನಿಮ್ಮ ಮನೆಯಲ್ಲಿ ಸಕ್ಕರೆ ಇಲ್ಲ ಎಂದು ನನಗೆ ಗೊತ್ತು ಎಂದ ಹಾಗೆ.

ಚಹ ಕುಡಿದು, ಮನೆಯಲ್ಲಿರುವ ಕಾಗದಗಳನ್ನೆಲ್ಲ ತನ್ನಿ ಎಂದೆ. ಎಲ್ಲ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಇಲ್ಲಿ ಸೀರೆ ಅಂಗಡಿಯದು. ಆಧಾರ್, ಆಸ್ಪತ್ರೆ ಪೇಪರು, ಗೋಲ್ಡ್ ಲೋನ್ ರಸೀದಿ, ಗುಂಪು ಸಾಲದ ಕಾರ್ಡು, ಮಗನ ಮಾರ್ಕ್ಸ್ ಕಾರ್ಡು ಎಲ್ಲ ಒಟ್ಟಿಗೆ. ನೆಲದ ಮೇಲೆ ಹರಡಿ ಪಟ್ಟಿ ಮಾಡಿದೆ.

ಅವತ್ತಿನ ಪಟ್ಟಿ ಹೀಗಿತ್ತು. ಅಕ್ಕನ ಹೆಸರಲ್ಲಿ ಮೈಕ್ರೋಫೈನಾನ್ಸ್ ಗುಂಪು ಸಾಲ 50,000, ತಿಂಗಳಿಗೆ 2,650ರಂತೆ 24 ಕಂತು, ಅರ್ಧ ಕಟ್ಟಿ ಆಗಿದೆ, ಬಾಕಿ ಸುಮಾರು 28,000. ಕರಿಮಣಿ ಮತ್ತು ಎರಡು ಬಳೆ ಸೇರಿ 18 ಗ್ರಾಂ ಚಿನ್ನದ ಮೇಲೆ 65,000. ಒಂದು ವರ್ಷದ ಗಡುವು, ಡಿಸೆಂಬರ್ 20ಕ್ಕೆ ಮುಗಿಯುತ್ತದೆ. ಬಾಡಿಗೆ 6,500, ಎರಡು ತಿಂಗಳು ಬಾಕಿ. ಅಕ್ಕನ ಭಾವ ಕೊಟ್ಟದ್ದು 25,000. ಹೋಟೆಲ್ ಧಣಿಗಳು ಆಸ್ಪತ್ರೆಗೆಂದು ಕೊಟ್ಟ ಅಡ್ವಾನ್ಸ್ 30,000. ಒಟ್ಟು 1,61,000.

ಬರುವುದು? ಅಕ್ಕನ 9,000. ಬಾಡಿಗೆಗೂ ಕಂತಿಗೂ ಸೇರಿಸಿದರೆ 9,150. ಅಕ್ಕಿ, ಗ್ಯಾಸು, ಮಾತ್ರೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಗುಂಪು ಸಾಲದ ಅರ್ಜಿಯ ಪ್ರತಿ ಆ ಚೀಲದಲ್ಲೇ ಇತ್ತು. ಮನೆಯ ವರ್ಷದ ಆದಾಯ 2,90,000 ಎಂದು ಯಾರೋ ನೀಟಾಗಿ ಬರೆದಿದ್ದರು. ಇಬ್ಬರ ಸಂಬಳ ಕೂಡಿಸಿದರೆ 3,24,000 ಆಗುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷ ದಾಟಿದ ಮನೆಗೆ ಕೊಟ್ಟದ್ದು ಮೈಕ್ರೋಫೈನಾನ್ಸ್ ಸಾಲ ಅನ್ನಿಸಿಕೊಳ್ಳುವುದೇ ಇಲ್ಲ. ಅದಕ್ಕೇ 2.9. ಇಂಥ ಅರ್ಜಿ ಬಹಳ ನೋಡಿದ್ದೇನೆ, ಎಲ್ಲರ ಆದಾಯವೂ 3 ಲಕ್ಷದ ಹೊಸ್ತಿಲಲ್ಲೇ ನಿಂತಿರುತ್ತದೆ.

ಆ ಸಾಲಕ್ಕೆ ಇನ್ಶೂರೆನ್ಸ್ ಇದೆಯಲ್ಲ, ನಿಮ್ಮ ಯಜಮಾನರ ಹೆಸರೂ ಇದೆ ಎಂದು ಅಕ್ಕನಿಗೆ ತೋರಿಸಿದೆ. ಓದಿ ನೋಡಿದರೆ ಅದು ಸಾವಿಗೆ ಮಾತ್ರ. ಕೈಕಾಲು ಬಿದ್ದರೆ ಇಲ್ಲ. ಅದನ್ನು ನಾನು ಜೋರಾಗಿ ಓದಬಾರದಿತ್ತು.

ಅಣ್ಣನ ಮಾತು ಆಗ ಸ್ವಲ್ಪ ತೊದಲುತ್ತಿತ್ತು. ಆದರೆ ಇದು ಸ್ಪಷ್ಟವಾಗಿ ಕೇಳಿಸಿತು. "ಹಂಗಾರೆ ಸತ್ತಿದ್ರೇ ಲಾಯ್ಕಾತಿತ್ತಲ್ದಾ?"

"ಹ್ವಾಯ್, ಎಂತ ಮಾತ್ ಅದ್?" ಎಂದು ಅಕ್ಕ ಚಹದ ಲೋಟ ಎತ್ತಿಕೊಂಡು ಮೋರಿಯ ಹತ್ತಿರ ಹೋದರು. ತೊಳೆದ ಲೋಟವನ್ನೇ ಮತ್ತೆ ತೊಳೆದರು.

ಮೊದಲ ವಾರದ ಕೆಲಸ ಸುಲಭದ್ದು ಅಂದುಕೊಂಡಿದ್ದೆ. ಮೊದಲು ಸೂರು, ಆಮೇಲೆ ಒಲೆ, ಔಷಧ. ಆಮೇಲೆ ಒತ್ತೆ ಇಟ್ಟದ್ದು, ಯಾಕೆಂದರೆ ಅದು ಕೈತಪ್ಪಿದರೆ ತಿರುಗಿ ಬರುವುದಿಲ್ಲ. ಬಾಕಿ ಸಾಲ ಆಮೇಲೆ. ಹೀಗೆಂದು ಸಂಸ್ಥೆಯಿಂದ ಎರಡು ತಿಂಗಳ ಬಾಡಿಗೆ 13,000 ಮಂಜೂರು ಮಾಡಿಸಿ ಅಕ್ಕನ ಖಾತೆಗೆ ಹಾಕಿಸಿದೆ. ಚಾಳಿನ ಮಾಲೀಕರಿಗೆ ನಾವೇ ನೇರ ಕೊಡಬಹುದಿತ್ತು. ಆದರೆ ಸಂಸ್ಥೆಯವರು ಬಂದು ಬಾಡಿಗೆ ಕಟ್ಟಿದರು ಎಂದು ನಾಲ್ಕು ಜನಕ್ಕೆ ಗೊತ್ತಾಗುವುದು ಬೇಡ ಎಂದು ಅಕ್ಕ ಕೇಳಿಕೊಂಡಿದ್ದರು. ನನಗೂ ಸರಿ ಅನಿಸಿತು.

ಹತ್ತು ದಿನ ಬಿಟ್ಟು ಮಾಲೀಕರು ನನಗೇ ಫೋನ್ ಮಾಡಿದರು. ಬಂದದ್ದು 4,000 ಮಾತ್ರ.

ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆಫೀಸಿನಲ್ಲಿ ಆ 13,000ಕ್ಕೆ ನನ್ನ ಸಹಿ ಇದೆ. ಮೆಟ್ಟಿಲು ಹತ್ತುವಾಗಲೇ ಬೈಯಲು ಮಾತು ಜೋಡಿಸಿಕೊಂಡು ಹೋದೆ. ಮನೆಯಲ್ಲಿ ಅಕ್ಕ ಇರಲಿಲ್ಲ, ಕೆಲಸಕ್ಕೆ ಹೋಗಿದ್ದರು. ಮಗಳು ಇದ್ದಳು. ಅಕ್ಕನ ಫೋನ್ ಅವಳ ಹತ್ತಿರ. ನಾನು ಕೂತ ಹತ್ತು ನಿಮಿಷದಲ್ಲಿ ಅದು ಏಳು ಸಲ ಬಡಿದುಕೊಂಡಿತು. ಅವಳು ಪ್ರತಿ ಸಲವೂ ಕಟ್ ಮಾಡಿ ಫೋನನ್ನು ದಿಂಬಿನ ಕೆಳಗೆ ಇಡುತ್ತಿದ್ದಳು. ಯಾರದು ಎಂದು ಕೇಳಿದೆ. ಕಂಪನಿಯವರದು ಎಂದಳು. ಯಾವ ಕಂಪನಿ ಎಂದೆ. ಅಪ್ಪನ ಕಡೆ ನೋಡಿದಳು, ಅವರು ನಿದ್ದೆ ಹೋಗಿದ್ದರು. ಆಮೇಲೆ ಫೋನನ್ನೇ ನನ್ನ ಕೈಗೆ ಕೊಟ್ಟಳು.

ಐದು ಆಪ್. ಆಸ್ಪತ್ರೆಯಿಂದ ಮನೆಗೆ ಬಂದ ವಾರ ಸ್ಕ್ಯಾನಿಗೂ ಮಾತ್ರೆಗೂ ದುಡ್ಡು ಇರಲಿಲ್ಲ. ಅಮ್ಮನ ಫೋನು, ಅಮ್ಮನ ಆಧಾರ್, ಅಮ್ಮನ ಪ್ಯಾನ್ ಹಾಕಿ ಮಗಳು 5,000 ಸಾಲ ತೆಗೆದಳು. ಕೈಗೆ ಬಂದದ್ದು 3,000. ಏಳನೇ ದಿನಕ್ಕೆ 5,000 ಕಟ್ಟಬೇಕು. ಅದನ್ನು ಕಟ್ಟಲು ಎರಡನೇ ಆಪ್, ಎರಡನೆಯದಕ್ಕೆ ಮೂರನೆಯದು. ಒಟ್ಟು ಕೈಗೆ ಬಂದದ್ದು 17,000ದಷ್ಟು, ಕೇಳುತ್ತಿದ್ದದ್ದು 38,000. ಅಮ್ಮನ ಕಾಂಟ್ಯಾಕ್ಟ್ ಪಟ್ಟಿ ಎಲ್ಲ ಅವರ ಕೈಯಲ್ಲಿತ್ತು. ಮುಲುಂಡಿನ ಮನೆಯೊಡತಿಗೆ, ಹೋಟೆಲಿನ ಕ್ಯಾಶಿಯರ್‌ಗೆ, ಮಗನ ಟೀಚರ್‌ಗೆ 'ಈಕೆ ಕಳ್ಳಿ' ಎಂದು ಅಕ್ಕನ ಫೋಟೋ ಹೋಗಿತ್ತು. ಇನ್ನು ಹೋಗಲಿರುವ ಫೋಟೋ ಯಾವ ತರದ್ದು ಎಂದು ಒಂದು ಸ್ಯಾಂಪಲ್ಲನ್ನೂ ಕಳಿಸಿದ್ದರು. ಅದನ್ನು ಇಲ್ಲಿ ವಿವರಿಸುವುದಿಲ್ಲ. ಬಾಡಿಗೆಯ 9,000 ಹೋದದ್ದು ಅಲ್ಲಿಗೆ.

ಅಕ್ಕನಿಗೆ ಇದು ಗೊತ್ತಾದದ್ದು ಮನೆಯೊಡತಿ ಕೇಳಿದಾಗ. ಅಣ್ಣನಿಗೆ ಹೇಳಿಲ್ಲ. ಬಿಪಿ ಏರಿದರೆ ಮತ್ತೆ ಹೊಡೆಯಬಹುದು ಎಂಬ ಹೆದರಿಕೆ.

ನನ್ನ ಬೈಗುಳ ಬಾಯಲ್ಲೇ ಉಳಿಯಿತು. ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಜೋರಾಗಿ ಕೂಗುವ ಸಾಲಕ್ಕೆ ಮೊದಲು ದುಡ್ಡು ಹೋಗುತ್ತದೆ. ಚಾಳಿನ ಮಾಲೀಕರು ಮರ್ಯಾದಸ್ಥರು, ಮೆಲ್ಲಗೆ ಕೇಳುತ್ತಾರೆ. ಗೋಲ್ಡ್ ಲೋನಿನವರು ಒಂದು ನೋಟಿಸ್ ಕಳಿಸಿ ಸುಮ್ಮನಿರುತ್ತಾರೆ. ಆದರೆ ಮನೆ ಬೀದಿಗೆ ಬೀಳುವುದು ಆ ಮೆಲ್ಲಗಿನ ಎರಡರಿಂದ. ಆಪಿನವರು ಕಿರುಚುತ್ತಾರೆ, ಅವರ ಕೈಯಲ್ಲಿ ಕಿರುಚಾಟ ಬಿಟ್ಟರೆ ಬೇರೆ ಏನೂ ಇಲ್ಲ. ಇದನ್ನು ನನ್ನ ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ. ಮಗಳ ವಯಸ್ಸು 17, ಫೋಟೋ ಅಮ್ಮನದು. ಆ ಜಾಗದಲ್ಲಿ ನಾನಿದ್ದರೂ ಬಾಡಿಗೆ ದುಡ್ಡು ಅಲ್ಲಿಗೇ ಕಳಿಸುತ್ತಿದ್ದೆ ಅನಿಸುತ್ತದೆ.

ಸಂಜೆ ಅಕ್ಕ ಬಂದ ಮೇಲೆ ಮೂವರೂ ಕೂತು ಒಂದೊಂದೇ ಆಪ್ ತೆರೆದೆವು. ಆಪಿನ ಹಿಂದೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿ ಇದೆಯೇ, ಸಾಲದ ವಿವರ ಪತ್ರ ಕೊಟ್ಟಿದ್ದಾರೆಯೇ, ದುಡ್ಡು ಯಾವ ಖಾತೆಯಿಂದ ಬಂತು, ಇದನ್ನು ನೋಡಿದರೆ ಅಸಲಿ ನಕಲಿ ಗೊತ್ತಾಗುತ್ತದೆ. ಫೋನಿನ ಕಾಂಟ್ಯಾಕ್ಟು, ಫೋಟೋ ಕದಿಯುವ ಹಾಗಿಲ್ಲ ಎಂದು ಆಗಿನ, 2022ರ ಡಿಜಿಟಲ್ ಸಾಲದ ನಿಯಮದಲ್ಲೇ ಇತ್ತು. ಐದರಲ್ಲಿ ಎರಡು ಅಸಲಿ, ಅವಕ್ಕೆ ಕೊಡಬೇಕಾದ್ದು 6,400. ಅದು ಸಾಲವೇ, ಕೊಡಬೇಕು. ಮೂರು ನಕಲಿ. ಅವಕ್ಕೆ ಇನ್ನು ಒಂದು ಪೈಸೆ ಇಲ್ಲ ಎಂದು ತೀರ್ಮಾನ ಮಾಡಿದೆವು. ಒಂದು ಸಲ ಕೊಟ್ಟರೆ ಈ ನಂಬರು ಕೊಡುತ್ತದೆ ಎಂದು ಗೊತ್ತಾಗಿ ಕೂಗು ಇನ್ನೂ ಜೋರಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಪೋರ್ಟಲ್‌ನಲ್ಲಿ ದೂರು ಹಾಕಿ, ಆಪ್ ತೆಗೆದುಹಾಕಿ, ಗೊತ್ತಿಲ್ಲದ ನಂಬರು ಬಂದ್ ಮಾಡಿದೆವು.

ಇದೆಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅಕ್ಕ ಕಳಿಸಿದ ಒಂದು ಮೆಸೇಜು. 'ನನ್ನ ಫೋನ್ ಹ್ಯಾಕ್ ಆಗಿದೆ, ನನ್ನ ಹೆಸರಲ್ಲಿ ಕೆಟ್ಟ ಫೋಟೋ ಬರಬಹುದು, ತೆರೆಯದೆ ಡಿಲೀಟ್ ಮಾಡಿ' ಎಂದು ಪಟ್ಟಿಯಲ್ಲಿದ್ದ ಎಲ್ಲರಿಗೂ ಕನ್ನಡ, ಮರಾಠಿ, ಹಿಂದಿಯಲ್ಲಿ. ಹ್ಯಾಕ್ ಎನ್ನುವುದು ಪೂರ್ತಿ ನಿಜವಲ್ಲ, ಗೊತ್ತು. ಕಳಿಸುವಾಗ ಅಕ್ಕನ ಬೆರಳು ನಡುಗುತ್ತಿತ್ತು. ಮುಲುಂಡಿನ ಮನೆಯೊಡತಿ ಐದು ನಿಮಿಷಕ್ಕೆ ಫೋನ್ ಮಾಡಿ, ನನ್ನ ಮಗನಿಗೂ ಹೀಗೇ ಆಗಿತ್ತು, ನಾಳೆ ಬೆಳಗ್ಗೆ ಪೋಹಾ ಮಾಡಿ, ಬೇಗ ಬನ್ನಿ ಎಂದರು. ಹದಿನೈದು ದಿನ ಫೋನು ಬಡಿದುಕೊಂಡಿತು. ಆಮೇಲೆ ಕಡಿಮೆಯಾಯಿತು. ಕೆಟ್ಟ ಫೋಟೋ ಇಬ್ಬರಿಗೆ ಹೋಯಿತು. ಅದನ್ನು ತಡೆಯಲು ಆಗಲಿಲ್ಲ.

ಅಷ್ಟಕ್ಕೆ ಪಟ್ಟಿ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ಡಿಸೆಂಬರ್ ಮೊದಲ ವಾರ ಅಕ್ಕ ನೀರು ತರಲು ಕೆಳಗೆ ಹೋದಾಗ ಅಣ್ಣ ಎಡಗೈಯಲ್ಲಿ ಸನ್ನೆ ಮಾಡಿ ಹತ್ತಿರ ಕರೆದರು. ದೇವರ ಫೋಟೋ ಹಿಂದೆ ಕೈ ತೋರಿಸಿದರು. ಅಂಗೈಯಗಲದ ಕೆಂಪು ಡೈರಿ. ಪ್ರತಿ ತಿಂಗಳ ತಾರೀಕು, ಪಕ್ಕದಲ್ಲಿ 4,000, ಒಂದು ಗೀರು ಸಹಿ. ಹದಿನಾಲ್ಕು ಸಾಲು. ಸ್ಟೇಷನ್ ಹತ್ತಿರದ ಒಬ್ಬ ಬಡ್ಡಿಯವನಿಂದ 40,000, ತಿಂಗಳಿಗೆ ದಸ್ ಟಕ್ಕಾ, ಅಂದರೆ ನೂರಕ್ಕೆ ಹತ್ತು. ಅಸಲು ಒಂದು ರೂಪಾಯಿ ಇಳಿದಿರಲಿಲ್ಲ, ಬಡ್ಡಿಯೇ 56,000 ಕಟ್ಟಿ ಆಗಿತ್ತು. ಸಹಿ ಹಾಕಿದ ಖಾಲಿ ಚೆಕ್ ಒಂದು ಅವನ ಹತ್ತಿರ ಇದೆ. ಊರಲ್ಲಿ ತಂಗಿಯ ಮದುವೆಗೆ ತೆಗೆದದ್ದು, ಹೆಂಡತಿಗೆ ಹೋಟೆಲಿನಿಂದ ಎಂದು ಹೇಳಿದ್ದರು. "ಅವ್ಳಿಗ್ ಹೇಳ್ಬೇಡಿ ಕಾಣಿ."

ಅದೇ ಮಾತನ್ನು ಕೆಲವೇ ದಿನದ ಹಿಂದೆ ಅಕ್ಕನೂ ಹೇಳಿದ್ದರು ಎಂದು ಹೇಗೆ ಹೇಳಲಿ? ಇಬ್ಬರ ಗುಟ್ಟೂ ನನ್ನ ಬ್ಯಾಗಿನಲ್ಲಿ. ನಿಯಮದ ಪ್ರಕಾರ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಒಪ್ಪಿಗೆ ಇಲ್ಲದೆ ಹೇಳುವ ಹಾಗಿಲ್ಲ. ಲೆಕ್ಕದ ಪ್ರಕಾರ ಹೇಳದೆ ಆಗುವುದಿಲ್ಲ, 2,39,000ದ ಸಾಲವನ್ನು 1,61,000 ಎಂದುಕೊಂಡು ತೀರಿಸಲು ಆಗುತ್ತದಾ? ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ: ನಾನು ಹೇಳುವುದಿಲ್ಲ, ನೀವೇ ಹೇಳಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅಣ್ಣ ಒಪ್ಪಲು ಒಂದು ವಾರ ಹಿಡಿಯಿತು. ಹೇಳಿದ ದಿನ ಜಗಳ ಆಗುತ್ತದೆ ಎಂದು ಕಾದಿದ್ದೆ. ಅಕ್ಕ ಡೈರಿಯನ್ನು ಪುಟ ತಿರುವಿ ನೋಡಿ, ಟಿಪ್ಸ್ ದುಡ್ಡು ಎಲ್ಲಿ ಹೋಗ್ತಿತ್ತು ಅಂತ ಈಗ ಗೊತ್ತಾಯಿತು ಎಂದರು. ನಂತರ ಮಗಳ ಕಡೆ ತಿರುಗಿ, ನಿಂದೂ ಹೇಳು ಎಂದರು. ಅಣ್ಣ ಅತ್ತರು. ಬಿಪಿ ನೋಡಿದೆವು, ಏರಿರಲಿಲ್ಲ.

ಇನ್ನು ಕೆಲಸ. ಗೋಲ್ಡ್ ಲೋನಿಗೆ ಹನ್ನೆರಡು ದಿನ ಇತ್ತು. ಬಡ್ಡಿ 7,800 ಸಂಸ್ಥೆಯಿಂದ ಕಟ್ಟಿಸಿ ನವೀಕರಿಸಿದೆವು. ಆಗ ಒಂದು ಉಪಾಯ ಮಾಡಿದೆವು, ಯಾರಿಗಾದರೂ ಉಪಯೋಗವಾದೀತು. ಒಂದೇ ರಸೀದಿಯಲ್ಲಿದ್ದ ಚಿನ್ನವನ್ನು ಎರಡು ಸಾಲ ಮಾಡಿಸಿದೆವು, 8 ಗ್ರಾಮಿನ ಕರಿಮಣಿ ಒಂದು, ಬಳೆ ಇನ್ನೊಂದು. ಒಟ್ಟಿಗೆ 65,000 ಯಾವತ್ತಿಗೂ ಕೂಡಿಬರುವುದಿಲ್ಲ, 29,000 ಬಂದೀತು. ಅಲ್ಲಿಯವರೆಗೆ ಅಕ್ಕ ಕೊರಳಲ್ಲಿ ಕರಿ ದಾರ ಕಟ್ಟಿಕೊಂಡಿದ್ದರು.

ಗುಂಪು ಸಾಲದ ಮ್ಯಾನೇಜರ್ ಚಿಕ್ಕ ಹುಡುಗ, ಸಾತಾರಾ ಕಡೆಯವನು. ಮೊದಲ ದಿನ ಗುಂಪಿನ ಹೆಂಗಸರನ್ನು ಕರೆದುಕೊಂಡು ಮನೆ ಬಾಗಿಲಿಗೇ ಬಂದಿದ್ದ. ಗೊತ್ತುಪಡಿಸಿದ ಜಾಗಕ್ಕೆ ಸಾಲಗಾರರು ಸತತ ಎರಡು ಸಲ ಬರದೆ ಇದ್ದರೆ ಮಾತ್ರ ಮನೆಗೆ ಬರಬಹುದು, ಅಕ್ಕ ಒಂದು ಸಲ ಮಾತ್ರ ತಪ್ಪಿದ್ದು ಎಂದು ನಿಯಮ ತೋರಿಸಿದೆ. ಸಂಜೆ ಆರರ ಮೇಲೆ ವಸೂಲಿ ಫೋನು ಮಾಡುವ ಹಾಗಿಲ್ಲ ಎಂದೂ ಹೇಳಿದೆ. ಅವನು ಹೆದರಿದ್ದಕ್ಕಿಂತ ಜಾಸ್ತಿ ಅಣ್ಣನ ಕೈ ನೋಡಿ ಕರಗಿದ. ಮೂರು ತಿಂಗಳು ಕಂತು ಮುಂದೆ ಹಾಕಿಸಿ ಕೊಟ್ಟ. ಅವನಿಗೂ ಟಾರ್ಗೆಟ್ ಇದೆ, ಅವನಿಗೂ ಮೇಲಿನವರು ಇದ್ದಾರೆ.

ಸರಕಾರಿ ಯೋಜನೆಗಳ ಕಥೆ ಬೇಗ ಹೇಳಿಬಿಡುತ್ತೇನೆ. ಇವರ ರೇಷನ್ ಕಾರ್ಡ್ ಊರಲ್ಲಿ, ಅತ್ತೆಯ ಹೆಸರಲ್ಲಿ. ಮುಂಬಯಿಯ ಎಷ್ಟೋ ಕನ್ನಡದವರ ಮನೆಯ ಸ್ಥಿತಿ ಇದೇ. ಊರಿನ ಕಾರ್ಡಿಗೆ ಆಧಾರ್ ಜೋಡಣೆ ಆಗಿದ್ದರೆ 'ಒಂದು ದೇಶ ಒಂದು ರೇಷನ್' ಅಡಿಯಲ್ಲಿ ಭಾಂಡುಪ್‌ನಲ್ಲೇ ಧಾನ್ಯ ಸಿಗುತ್ತದೆ, ಅದು ಸಿಕ್ಕಿತು. ನಿರಾಧಾರರಿಗೆ ಮಹಾರಾಷ್ಟ್ರ ಕೊಡುವ ಸಂಜಯ್ ಗಾಂಧಿ ಯೋಜನೆಯ ಆಗಿನ ತಿಂಗಳ 1,500ಕ್ಕೆ ಅರ್ಜಿ ಹಾಕಲು ಹೋದೆವು. ಹದಿನೈದು ವರ್ಷದ ವಾಸಕ್ಕೆ ದಾಖಲೆ ಇತ್ತು. ಆದರೆ ಅಂಗವಿಕಲರಿಗೂ ಮನೆಯ ಆದಾಯ ವರ್ಷಕ್ಕೆ 50,000 ದಾಟಬಾರದು. ಅಕ್ಕನದೇ 1,08,000. ಕಚೇರಿ ಹೊರಗೆ ಕೂತ ಏಜೆಂಟ್ ಒಬ್ಬ ಕಡಿಮೆ ಬರೆಸಿಕೊಡುತ್ತೇನೆ ಎಂದ. ಬೇಡ ಎಂದೆವು. ಅವನು ನಮ್ಮನ್ನು ನೋಡಿ ನಕ್ಕ. ಅಂಗವಿಕಲರ ಕಾರ್ಡ್ ಮಾತ್ರ ಮಾಡಿಸಿಕೊಂಡೆವು.

ಈ ಪ್ರಕರಣದಲ್ಲಿ ಕಷ್ಟದ ಭಾಗ ಹೋಟೆಲು. ಇಎಸ್‌ಐ ಇರಲಿಲ್ಲ. ಕೆಲಸದವರು ಹದಿನಾಲ್ಕು ಜನ, ಹಾಗಾಗಿ ಪಿಎಫ್ ಕೂಡ ಇಲ್ಲ. ಆದರೆ ಹತ್ತು ಜನ ಇದ್ದರೆ ಸಾಕು, ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯ್ದೆ ಬರುತ್ತಿತ್ತು. ಕೆಲಸ ಬಿಡುವಾಗ ಧಣಿಗಳು ಕೊಡಬೇಕಾದ ಹಣ ಅದು. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಹಳೆಯ ಹೋಟೆಲ್ ಬಿಲ್ಲಿನ ಹಿಂದೆ ಮಗಳೇ ಲೆಕ್ಕ ಮಾಡಿದಳು. 18,000, 14 ವರ್ಷ: 1,45,384.

ಅಣ್ಣ ಆ ಚೀಟಿಯನ್ನು ಮುಟ್ಟಲೇ ಇಲ್ಲ. ಧಣಿಗಳು ಊರಿನವರು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಬೆಂಚಿನ ಮೇಲೆ ಮಲಗಿದವರು. 30,000 ಕೇಳದೆ ಕೊಟ್ಟವರು. ಮಗಳ ನಾಮಕರಣಕ್ಕೆ ಬಂದವರು. "ಅವ್ರ್ ಮೇಲೆ ಕಾಯ್ದೆ ಹಾಕೂದಾ? ನಾನ್ ಊರಿಗ್ ಮುಖ ತೋರ್ಸೂಕಿಲ್ಯಾ?"

ಇದಕ್ಕೆ ನನ್ನ ಹತ್ತಿರ ಪುಸ್ತಕದ ಉತ್ತರ ಇತ್ತು. ಅದು ಭಿಕ್ಷೆಯಲ್ಲ, ನಿಮ್ಮ ಹಕ್ಕು ಅಂತ. ಹೇಳಿದೆ. ಏನೂ ಪ್ರಯೋಜನ ಆಗಲಿಲ್ಲ. 'ನಮ್ಮವರು' ಎನ್ನುವುದು ಮುಂಬಯಿಯ ಹೋಟೆಲ್ ಕೆಲಸದವರಿಗೆ ದೊಡ್ಡ ಆಸರೆ. ಕೈಯಲ್ಲಿ ಏನೂ ಇಲ್ಲದೆ ಬಂದ ಹುಡುಗನಿಗೆ ಮಲಗಲು ಅಟ್ಟ, ಎರಡು ಹೊತ್ತು ಊಟ ಕೊಟ್ಟದ್ದು ಅದೇ. ಸಂಬಳದ ಚೀಟಿ ಕೇಳದ ಹಾಗೆ ಬಾಯಿ ಕಟ್ಟಿದ್ದೂ ಅದೇ.

ಕೊನೆಗೆ ದಾರಿ ತೋರಿಸಿದ್ದು ಅಕ್ಕ. "ಕಾಯ್ದೆ ಬೇಡ. ಬರೀ ಲೆಕ್ಕ ತೋರ್ಸುವ. ಅವ್ರೇ ಹೇಳ್ಲಿ." ಕಾಯ್ದೆಯ ಅರ್ಜಿಯನ್ನು ತುಂಬಿಸಿ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ, ಹೊರಗೆ ತೆಗೆಯಲಿಲ್ಲ. ಮಧ್ಯಾಹ್ನ ಮೂರೂವರೆ, ಗಿರಾಕಿ ಇಲ್ಲದ ಹೊತ್ತು. ಅಕ್ಕ, ನಾನು, ಚಾಳಿನ ಒಬ್ಬ ಹಿರಿಯರು. ಧಣಿಗಳು ಮೊದಲು ಕಾಫಿ ತರಿಸಿದರು. ಚೀಟಿಯನ್ನು ಎರಡು ಸಲ ಓದಿದರು. ಮೊದಲು ಬೇಸರವಾಯಿತು ಅವರಿಗೆ, ಇಷ್ಟು ಮಾಡಿದ ಮೇಲೂ ಎಂದರು. ನಂತರ ತಮ್ಮ ಅಕೌಂಟೆಂಟಿಗೆ ಫೋನ್ ಮಾಡಿದರು. ಆ ಕಡೆಯಿಂದ ಏನು ಹೇಳಿದರೋ, ಒಂದೆರಡು ನಿಮಿಷ ಸುಮ್ಮನೆ ಕೇಳಿ ಇಟ್ಟರು. ಕೊಡಬೇಕಾದ್ದೇ ಅಂತೆ, ಒಟ್ಟಿಗೆ ಆಗುವುದಿಲ್ಲ ಎಂದರು.

ಮೂರು ಕಂತಿಗೆ ಒಪ್ಪಿದರು. ಅಡ್ವಾನ್ಸ್ 30,000 ಕಳೆಯುವ ಮಾತು ಬಂತು. ಗ್ರಾಚ್ಯುಯಿಟಿಯಿಂದ ಹಾಗೆ ಕಳೆಯಲು ಬರುವುದಿಲ್ಲ, ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಮುಟ್ಟಿದರು. ತೆಗೆದುಕೊಂಡದ್ದನ್ನು ಇಟ್ಟುಕೊಂಡರೆ ಅಣ್ಣನಿಗೆ ನಿದ್ದೆ ಬರುವುದಿಲ್ಲ ಎಂದು ಆಮೇಲೆ ಹೇಳಿದರು. ಹೀಗೆ 1,15,000ಕ್ಕೆ ಮುಗಿಯಿತು: ಜನವರಿಯಲ್ಲಿ 50,000, ಮಾರ್ಚಿನಲ್ಲಿ 35,000, ಜೂನಿನಲ್ಲಿ 30,000. ಆಫೀಸಿನ ಮೀಟಿಂಗಿನಲ್ಲಿ ಇದಕ್ಕೆ ನನಗೆ ಬೈಗುಳ ಬಿತ್ತು. 30,000 ಸುಮ್ನೆ ಬಿಟ್ಟುಕೊಟ್ಟೆ ಅಂತ. ಆ ಮಾತಿನಲ್ಲಿ ತಪ್ಪಿಲ್ಲ. ಆದರೂ ಅವತ್ತು ಬ್ಯಾಗಿನಿಂದ ಅರ್ಜಿ ಹೊರಗೆ ತೆಗೆದಿದ್ದರೆ ಅಕ್ಕ ಎದ್ದು ಹೋಗುತ್ತಿದ್ದರು ಎಂದೇ ನನ್ನ ಲೆಕ್ಕ.

ಬಡ್ಡಿಯವನ ವಿಷಯ. ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಮಹಾರಾಷ್ಟ್ರದ 2014ರ ಕಾಯ್ದೆಯಲ್ಲಿ ಅಪರಾಧ. ಸಹಕಾರ ಇಲಾಖೆಯ ರಿಜಿಸ್ಟ್ರಾರ್‌ಗೆ ದೂರು ಕೊಡಬಹುದು. ಅಣ್ಣ ಒಪ್ಪಲಿಲ್ಲ, ಮಗಳು ಅದೇ ಸ್ಟೇಷನ್‌ನಿಂದ ಕಾಲೇಜಿಗೆ ಹೋಗುತ್ತಾಳೆ ಎಂದರು. ಅದಕ್ಕೆ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ಮೊದಲು ಬ್ಯಾಂಕಿಗೆ ಹೋಗಿ ಆ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಬರೆಸಿದೆವು. ಚಾಳಿನ ಹಿರಿಯರೇ ಮಾತಾಡಿದರು, ಕೆಂಪು ಡೈರಿಯ 56,000 ಎದುರಿಗಿಟ್ಟು. 20,000ಕ್ಕೆ ಮುಗಿಸಿ, ಚೆಕ್ ವಾಪಸ್ ಪಡೆದು, ಡೈರಿಯ ಕೊನೆಯ ಪುಟದಲ್ಲಿ 'ಹಿಸಾಬ್ ಪೂರಾ' ಎಂದು ಬರೆಸಿಕೊಂಡರು. ನಾನು ರಸ್ತೆಯ ಈಚೆ ಚಹದ ಅಂಗಡಿಯಲ್ಲಿ ನಿಂತಿದ್ದೆ. ಇದು ನಾನು ಹೆಮ್ಮೆಯಿಂದ ಹೇಳುವ ಭಾಗವಲ್ಲ. ಅವನು ಈಗಲೂ ಅಲ್ಲೇ ಇದ್ದಾನೆ, ಬೇರೆಯವರ ಡೈರಿಗಳಲ್ಲಿ.

ಮೊದಲ 50,000ದಿಂದಲೇ ಅಸಲಿ ಆಪುಗಳ 6,400 ಮತ್ತು ಬಾಡಿಗೆಯ ಬಾಕಿ 9,000 ತೀರಿತು. ಮಾರ್ಚಿನಲ್ಲಿ ಕರಿಮಣಿ ಬಿಡಿಸಿಕೊಂಡರು. ಬಳೆ ಇನ್ನೂ ಅಲ್ಲೇ ಇದೆ. ಭಾವನಿಗೆ 5,000 ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಗಳು ಪರೀಕ್ಷೆ ಬರೆದಳು, ಅಂದುಕೊಂಡಷ್ಟು ಮಾರ್ಕು ಬರಲಿಲ್ಲ. ಕಾಮರ್ಸ್ ಡಿಗ್ರಿಗೆ ಸೇರಿದ್ದಾಳೆ. 2024ರ ಜುಲೈನಲ್ಲಿ ಮಹಾರಾಷ್ಟ್ರ ಸರಕಾರ ಹೆಂಗಸರಿಗೆ ದುಡ್ಡು ಕೊಡುವ ಲಾಡ್ಕಿ ಬಹೀಣ್ ಯೋಜನೆ ಶುರುವಾದಾಗ ಅಕ್ಕನ ಹಳೆಯ ವೋಟರ್ ಕಾರ್ಡ್ ಕೆಲಸಕ್ಕೆ ಬಂತು, ತಿಂಗಳಿಗೆ 1,500 ಬರುತ್ತಿದೆ.

ಜೂನಿನ ಕಂತಿನಲ್ಲಿ 9,500 ಕೊಟ್ಟು ಒಂದು ಹಳೆಯ ವೆಟ್ ಗ್ರೈಂಡರ್ ತಂದರು. ಐಡಿಯಾ ನನ್ನದಲ್ಲ. ನಾನು ಅಣ್ಣನಿಗೆ ವಾಚ್‌ಮನ್ ಕೆಲಸ ಹುಡುಕುತ್ತಿದ್ದೆ. ಅವರು ಅಕ್ಕಿಗೂ ಉದ್ದಿಗೂ ಎಡಗೈಯಲ್ಲಿ ನೀರು ಚಿಮುಕಿಸಿ, ರುಬ್ಬುವ ಸದ್ದು ಕೇಳಿಯೇ ಸಾಕು ಎನ್ನುತ್ತಾರೆ. ಅರ್ಧ ಕಿಲೋ ದೋಸೆ ಹಿಟ್ಟು, 40 ರೂಪಾಯಿ. ಸಣ್ಣ ವ್ಯಾಪಾರಕ್ಕೆ ಆಹಾರ ಇಲಾಖೆಯ ನೋಂದಣಿ ಆಗ ವರ್ಷಕ್ಕೆ 100 ರೂಪಾಯಿ ಇತ್ತು, ಅದನ್ನು ಮಗಳೇ ಆನ್‌ಲೈನ್‌ನಲ್ಲಿ ಮಾಡಿದಳು. ಅಕ್ಟೋಬರ್ ಬಿಸಿಲಿಗೆ ಒಂದು ದಿನ ಹನ್ನೊಂದು ಪ್ಯಾಕೆಟ್ ಉಬ್ಬಿ ಒಡೆದು ಮೆಟ್ಟಿಲೆಲ್ಲ ಹುಳಿ ವಾಸನೆ. ದಿನಕ್ಕೆ ಹದಿನೈದು ಪ್ಯಾಕೆಟ್ ಹೋಗುತ್ತದೆ, ಕೆಲವು ದಿನ ಎಂಟು. ಇದನ್ನು ದೊಡ್ಡ ಯಶಸ್ಸು ಎಂದು ಬರೆಯಲು ನಮ್ಮ ಆಫೀಸಿನವರಿಗೆ ಇಷ್ಟ. ಅಣ್ಣನಿಗೆ ಈಗಲೂ ಕಾವಲಿ ಮುಂದೆ ನಿಲ್ಲಲು ಆಗುವುದಿಲ್ಲ.

ನವೆಂಬರಿನಲ್ಲಿ ಫೈಲು ಮುಚ್ಚಿದೆ. 2025ರ ಫೆಬ್ರವರಿಯಲ್ಲಿ ಅಕ್ಕನ ಫೋನ್ ಬಂತು. ಗುಂಪು ಸಾಲ ಜನವರಿಗೆ ಪೂರ್ತಿ ತೀರಿತ್ತು. ಸರಿಯಾಗಿ ಕಟ್ಟಿದ್ದೀರಿ, 80,000 ಕೊಡುತ್ತೇವೆ ಎಂದು ಆ ಸಾತಾರಾ ಹುಡುಗ ಬಂದಿದ್ದಾನಂತೆ. "ತಕಂಬುದಾ ಮೇಡಂ?"

ಮಾರನೇ ದಿನ ಹೋದೆ. 84 ಮೆಟ್ಟಿಲು. ಬಳೆ ಬಿಡಿಸಿ ಇನ್ನೊಂದು ಗ್ರೈಂಡರ್ ತರಬಹುದು ಎಂಬುದು ಅಕ್ಕನ ಲೆಕ್ಕ. ಕೆಟ್ಟ ಲೆಕ್ಕವೂ ಅಲ್ಲ. ಬರುವುದು ಹೋಗುವುದು ನೋಡೋಣ ಎಂದು ಅವರ ನೋಟ್‌ಬುಕ್ ಕೇಳಿದೆ. ಮೊದಲ ಪಟ್ಟಿ ಮಾಡಿದ ದಿನ ನಾನೇ ಕೊಟ್ಟದ್ದು, ಮುಂದೆ ಮಗಳು ಬರೆಯುತ್ತ ಬಂದದ್ದು. ಯಾರಿಗೆ ಎಷ್ಟು ಕೊಡಬೇಕು ಎಂಬ ಪುಟದಲ್ಲಿ ಕೊನೆಯ ಸಾಲು ಮಾತ್ರ ಅವಳ ಅಕ್ಷರವಲ್ಲ. ಎಡಗೈಯಲ್ಲಿ ಬರೆದದ್ದು, ಒಂದೊಂದು ಅಕ್ಷರ ಒಂದೊಂದು ಕಡೆ ವಾಲಿತ್ತು. 'ಮೆಡಿಕಲ್ ಅಂಗಡಿ, ಉದ್ರಿ, 340.'